ಹಾಲು, ರೇಷ್ಮೆ ಮತ್ತು ಶ್ರಾವಕರ ಅಹಿಂಸೆ

ಬೆಂಗಳೂರಿನಿಂದ ಶ್ರವಣಬೆಳಗೊಳಕ್ಕೆ ಹೊರಡುವ ಯಾತ್ರಿಕರು ನೆಲಮಂಗಲ ದಾಟಿ, ಸೋಲೂರಿನ ಮೇಲೆ ಕುಣಿಗಲ್ ದಾರಿ ಹಿಡಿಯುತ್ತಾರೆ. ಗುಡೇಮಾರನಹಳ್ಳಿ ಇರುವುದು ಇದೇ ಸೀಮೆಯಲ್ಲಿ. ರಾಗಿ ಹೊಲ, ಮನೆ ಮುಂದೆ ಕಟ್ಟಿದ ಸೀಮೆಹಸು, ಬೆಳಿಗ್ಗೆ ಸಂಜೆ ಡೇರಿಗೆ ಹಾಲು, ಇದು ಈ ಭಾಗದ ಬದುಕು. ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರ ತಾಲ್ಲೂಕುಗಳಲ್ಲಿ ಹಾಲಿನ ಜೊತೆಗೆ ರೇಷ್ಮೆಯೂ ರೈತರ ಕೈ ಹಿಡಿದಿದೆ. ರಾಮನಗರದ ಸರ್ಕಾರಿ ರೇಷ್ಮೆಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾಗಿದೆ.

ಯಾತ್ರೆಗೆ ಹೊರಟ ಕುಟುಂಬ ಪೂಜೆಗೆಂದು ರೇಷ್ಮೆ ಉಡುತ್ತದೆ, ಅಭಿಷೇಕಕ್ಕೆಂದು ಹಾಲು ಒಯ್ಯುತ್ತದೆ. ಇವೆರಡೂ ಹೇಗೆ ಬರುತ್ತವೆ ಎಂಬ ಪ್ರಶ್ನೆ ಈಗ ಜೈನ ಮನೆಗಳಲ್ಲಿ, ಹೆಚ್ಚಾಗಿ ಮಕ್ಕಳ ಬಾಯಲ್ಲಿ, ಕೇಳಿಬರುತ್ತಿದೆ. ಹಿರಿಯರು ಸಿಟ್ಟಾಗದೆ ಉತ್ತರ ಕೊಡಬೇಕಾದರೆ ಮೊದಲು ವಿಷಯ ತಿಳಿದಿರಬೇಕು.

ವೀಗನ್ ಎಂದರೇನು?

ಮಾಂಸ, ಮೊಟ್ಟೆಗಳ ಜೊತೆಗೆ ಹಾಲು, ಮೊಸರು, ತುಪ್ಪ, ಜೇನುತುಪ್ಪಗಳನ್ನೂ ಬಿಡುವುದು, ಚರ್ಮ, ರೇಷ್ಮೆ, ಉಣ್ಣೆಗಳನ್ನು ಬಳಸದಿರುವುದು ವೀಗನ್ ಪದ್ಧತಿ. 1944ರಲ್ಲಿ ಇಂಗ್ಲೆಂಡಿನಲ್ಲಿ ಡೊನಾಲ್ಡ್ ವಾಟ್ಸನ್ ಮತ್ತು ಅವರ ಸಂಗಡಿಗರು ಈ ಹೆಸರಿನ ಸಂಘ ಕಟ್ಟಿದರು. ಹೆಸರು ಹೊಸದು, ಆದರೆ ವಿಚಾರ ಜೈನರಿಗೆ ಅಪರಿಚಿತವಲ್ಲ. ಮದ್ಯ, ಮಾಂಸ, ಮಧು ಈ ಮೂರು ಮಕಾರಗಳ ತ್ಯಾಗ ಶ್ರಾವಕರ ಮೂಲಗುಣಗಳಲ್ಲೇ ಸೇರಿದೆ. ಜೇನು ಬಿಡಲು ಕಾರಣ ಅದರ ರುಚಿಯಲ್ಲ, ಅದರ ಹಿಂದಿರುವ ಜೀವಹಾನಿ. ಅದೇ ಪ್ರಶ್ನೆಯನ್ನು ಹಾಲಿಗೂ ರೇಷ್ಮೆಗೂ ಕೇಳಿದರೆ ಏನಾಗುತ್ತದೆ?

ಹಾಲಿನ ಹಿಂದಿನ ಲೆಕ್ಕ

ಕರು ಹಾಕದೆ ಹಸು ಹಾಲು ಕೊಡುವುದಿಲ್ಲ. ಸುಮಾರು 280 ದಿನ ಗರ್ಭ ಹೊತ್ತು, ಈದ ಮೇಲೆ ಕೆಲವು ತಿಂಗಳು ಕರೆದು, ಬತ್ತುವ ಮೊದಲೇ ಮತ್ತೆ ಕೃತಕ ಗರ್ಭಧಾರಣೆ ಮಾಡಿಸುತ್ತಾರೆ. ಹುಟ್ಟಿದ್ದು ಹೆಣ್ಣು ಕರುವಾದರೆ ಸಾಕುತ್ತಾರೆ. ಗಂಡು ಕರು ಹಿಂದೆ ನೇಗಿಲಿಗೆ, ಗಾಡಿಗೆ ಬೇಕಾಗಿತ್ತು. ಈಗ ಟ್ರ್ಯಾಕ್ಟರ್, ಟಿಲ್ಲರ್ ಬಂದಿವೆ. ಸೀಮೆಹಸುವಿನ ಗಂಡು ಕರುವಿಗೆ ಕೆಲಸವೇ ಇಲ್ಲ. ಎರಡು ಮೂರು ಹಸು ಇರುವ ರೈತ ಅದಕ್ಕೆ ಮೇವು ಹಾಕಿ ವರ್ಷಗಟ್ಟಲೆ ಸಾಕಲಾರ. ಹಾಲು ಬತ್ತಿದ ಮುದಿ ಹಸುವಿನ ಕಥೆಯೂ ಇಷ್ಟೇ. ರಾಜ್ಯದಲ್ಲಿ 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆ ಜಾರಿಯಲ್ಲಿದೆ. ಆದರೆ ಕೆಲಸಕ್ಕೆ ಬಾರದ ಜಾನುವಾರಿಗೆ ಮೇವಿನ ಖರ್ಚು ಯಾರು ಕೊಡಬೇಕು ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ.

ಇದರಲ್ಲಿ ರೈತನನ್ನು ದೂರಿ ಪ್ರಯೋಜನವಿಲ್ಲ. ಹಾಲು ಕೊಳ್ಳುವವರು ಕೊಡುವುದು ಹಾಲಿನ ಬೆಲೆಯನ್ನು ಮಾತ್ರ. ಗಂಡು ಕರುವಿನ ಖರ್ಚು, ಮುದಿ ಹಸುವಿನ ಖರ್ಚು ಆ ಬೆಲೆಯಲ್ಲಿ ಸೇರಿಲ್ಲ. ಲೆಕ್ಕದ ಪುಸ್ತಕದಲ್ಲಿ ಒಂದು ಖರ್ಚು ಬರೆಯದೆ ಬಿಟ್ಟರೆ ಲಾಭ ಹೆಚ್ಚು ಕಾಣುತ್ತದೆ, ಅಷ್ಟೇ. ಖರ್ಚು ಇಲ್ಲವಾಗುವುದಿಲ್ಲ.

ರೇಷ್ಮೆಯ ಹಿಂದಿನ ಲೆಕ್ಕ

ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಟ್ಟರೆ ಅದು ಎರಡು ಮೂರು ದಿನಗಳಲ್ಲಿ ತನ್ನ ಸುತ್ತ ಗೂಡು ಹೆಣೆದುಕೊಳ್ಳುತ್ತದೆ. ಬಿಟ್ಟರೆ ಕೆಲವು ದಿನಗಳಲ್ಲಿ ಪತಂಗವಾಗಿ ಗೂಡು ತೂತು ಮಾಡಿಕೊಂಡು ಹೊರಬರುತ್ತದೆ. ಆಗ ಉದ್ದ ಎಳೆ ಸಿಗುವುದಿಲ್ಲ. ಆದ್ದರಿಂದ ಪತಂಗವಾಗುವ ಮೊದಲೇ ಬಿಸಿಗಾಳಿ ಅಥವಾ ಹಬೆಯಲ್ಲಿ ಒಳಗಿನ ಜೀವವನ್ನು ಕೊಂದು, ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ನೂಲು ತೆಗೆಯುತ್ತಾರೆ.

ಒಂದು ಕಿಲೋ ಕಚ್ಚಾ ರೇಷ್ಮೆಗೆ ಸುಮಾರು 7 ಕಿಲೋ ಗೂಡು ಬೇಕು. ಒಂದು ಗೂಡಿನ ತೂಕ ಒಂದೂವರೆಯಿಂದ ಎರಡು ಗ್ರಾಂ. ಅಂದರೆ ಕಿಲೋ ರೇಷ್ಮೆಗೆ ಮೂರೂವರೆ ಸಾವಿರಕ್ಕೂ ಹೆಚ್ಚು ಜೀವಗಳು. ಅರ್ಧ ಕಿಲೋ ರೇಷ್ಮೆ ಇರುವ ಸೀರೆಗೆ ಎರಡು ಸಾವಿರದ ಆಸುಪಾಸು. ಪತಂಗ ನಾಲ್ಕು ಇಂದ್ರಿಯಗಳ ಜೀವ. ಇರುವೆ ಸಾಲು ಕಂಡರೆ ಹೆಜ್ಜೆ ತಪ್ಪಿಸಿ ನಡೆಯುವ ಮನೆಯವರು ಇದನ್ನು ಯೋಚಿಸಲೇಬೇಕು.

ಹೈದರಾಬಾದಿನ ಕುಸುಮಾ ರಾಜಯ್ಯ ಅವರು ಪತಂಗ ಹೊರಹೋದ ಗೂಡಿನಿಂದ ನೂಲು ತೆಗೆದು ‘ಅಹಿಂಸಾ ರೇಷ್ಮೆ’ ನೇಯಿಸಿದರು. ಇದು ದೊಡ್ಡ ಹೆಜ್ಜೆ. ಆದರೂ ಸಾಕಿದ ರೇಷ್ಮೆ ಪತಂಗಕ್ಕೆ ಹಾರಲು ಬಾರದು, ಹೊರಬಂದರೂ ಕೆಲವೇ ದಿನ ಬದುಕುತ್ತದೆ. ಆದ್ದರಿಂದ ವೀಗನ್ ಪದ್ಧತಿಯವರು ಇದನ್ನೂ ಬಳಸುವುದಿಲ್ಲ.

ಧರ್ಮದ ದೃಷ್ಟಿ

ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನ ನಿರೋಧ. ಕಟ್ಟಿಹಾಕುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಹೆಚ್ಚು ಭಾರ ಹೊರಿಸುವುದು, ಹಸಿದ ಜೀವಕ್ಕೆ ಅನ್ನ ನೀರು ತಪ್ಪಿಸುವುದು. ಈ ಐದೂ ಮನೆಯ ದನಕರುಗಳಿಗೆ ನೇರವಾಗಿ ಅನ್ವಯಿಸುತ್ತವೆ. ತಾಯಿಯ ಹಾಲಿಗೆ ಹಗ್ಗ ಎಳೆಯುತ್ತಿರುವ ಕರುವನ್ನು ನೋಡಿದವರಿಗೆ ಮೊದಲನೆಯ ಮತ್ತು ಕೊನೆಯ ಅತಿಚಾರಗಳನ್ನು ಬೇರೆ ವಿವರಿಸಬೇಕಾಗಿಲ್ಲ.

ಹಾಲನ್ನು ಬಿಡುವುದೂ ಹೊಸತಲ್ಲ. ಆರು ಬಾಹ್ಯ ತಪಗಳಲ್ಲಿ ರಸಪರಿತ್ಯಾಗ ಒಂದು. ಅದರ ಆರು ರಸಗಳಲ್ಲಿ ಹಾಲು, ಮೊಸರು, ತುಪ್ಪ ಮೂರೂ ಇವೆ. ಪರ್ವದ ದಿನ ಒಂದು ರಸ ಬಿಡುವ ಶ್ರಾವಿಕೆಯರು ಪ್ರತಿ ಊರಿನಲ್ಲೂ ಇದ್ದಾರೆ. ಸದಲಗಾದಲ್ಲಿ ಹುಟ್ಟಿದ ಆಚಾರ್ಯ ಶ್ರೀ ವಿದ್ಯಾಸಾಗರ ಮಹಾರಾಜರು (1946–2024) ಉಪ್ಪು, ಸಕ್ಕರೆಗಳನ್ನು ಜೀವನಪರ್ಯಂತ ತ್ಯಜಿಸಿದ್ದರು. ತಪಕ್ಕಾಗಿ ಬಿಡುವುದು ಒಂದು, ಜೀವದಯೆಗಾಗಿ ಬಿಡುವುದು ಇನ್ನೊಂದು. ಕಾರಣ ಬೇರೆಯಾದರೂ ಬಿಡುವ ಶಕ್ತಿ ಒಂದೇ.

ಒಂದು ಭೇಟಿ ತಂದ ಬದಲಾವಣೆ

ಉತ್ತರ ಅಮೆರಿಕದ ಜೈನ ಸಂಘಗಳ ಒಕ್ಕೂಟ ‘ಜೈನಾ’ದ ಶಿಕ್ಷಣ ಸಮಿತಿಯ ನೇತೃತ್ವ ವಹಿಸಿದ್ದ ಪ್ರವೀಣ್ ಕೆ. ಶಾ ಅವರೂ ಎಲ್ಲ ಜೈನರಂತೆ ಹಾಲು, ತುಪ್ಪ ಬಳಸುತ್ತಿದ್ದವರೇ. 1995ರಲ್ಲಿ ಅಮೆರಿಕದ ವರ್ಮಾಂಟಿನಲ್ಲಿ ಒಂದು ಡೇರಿ ಫಾರ್ಮ್ ನೋಡಲು ಹೋದರು. ಹಾಲು ನಿಲ್ಲದಂತೆ ಹಸುಗಳನ್ನು ಮತ್ತೆ ಮತ್ತೆ ಗರ್ಭ ಧರಿಸುವಂತೆ ಮಾಡುವುದು, ಗಂಡು ಕರುಗಳನ್ನು ಮಾಂಸಕ್ಕೆ ಕಳಿಸುವುದು, ಹಾಲು ಕಡಿಮೆಯಾದ ಹಸುವನ್ನು ಕಸಾಯಿಖಾನೆಗೆ ಅಟ್ಟುವುದು ಅವರಿಗೆ ಅಲ್ಲಿ ತಿಳಿಯಿತು. ಆ ಭೇಟಿಯ ನಂತರ ಹಾಲಿನ ಪದಾರ್ಥಗಳನ್ನು ಬಿಟ್ಟರು, ಅನುಭವವನ್ನು ಬರೆದು ಸಮಾಜದ ಮುಂದಿಟ್ಟರು. ಗುರುದೇವ ಚಿತ್ರಭಾನು (1922–2019) ಮತ್ತು ಅವರ ಪತ್ನಿ ಪ್ರಮೋದಾ ಅವರೂ ಇದೇ ಮಾರ್ಗವನ್ನು ಬೋಧಿಸಿದರು. ಯಾರೂ ವಾದದಲ್ಲಿ ಸೋತು ಹಾಲು ಬಿಡುವುದಿಲ್ಲ. ಕಣ್ಣಾರೆ ಕಂಡಾಗ ಮನಸ್ಸು ತಾನೇ ತಿರುಗುತ್ತದೆ.

ಮನೆಯಲ್ಲಿ ಬರುವ ಪ್ರಶ್ನೆಗಳು

ಮೊದಲ ಪ್ರಶ್ನೆ ಆರೋಗ್ಯದ್ದು. ಗುಡೇಮಾರನಹಳ್ಳಿ ಸೀಮೆಯ ರಾಗಿಯೇ ಇದಕ್ಕೆ ಅರ್ಧ ಉತ್ತರ. 100 ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಷ್ಟೇ ತೂಕದ ಹಸುವಿನ ಹಾಲಿನಲ್ಲಿ ಸುಮಾರು 120. ಎಳ್ಳು, ಹುರುಳಿ, ಅವರೆ, ನುಗ್ಗೆಸೊಪ್ಪು ಇವೆ. ಆದರೆ ಬಿ12 ಜೀವಸತ್ವ ಸಸ್ಯಾಹಾರದಲ್ಲಿ ಸಿಗುವುದಿಲ್ಲ. ಹಾಲು ಬಿಟ್ಟವರು ವೈದ್ಯರನ್ನು ಕೇಳಿ ಮಾತ್ರೆ ತೆಗೆದುಕೊಳ್ಳಲೇಬೇಕು. ಮಕ್ಕಳು, ಗರ್ಭಿಣಿಯರು, ವೃದ್ಧರ ವಿಷಯದಲ್ಲಿ ಇದನ್ನು ಕಡೆಗಣಿಸಬಾರದು.

ಎರಡನೆಯದು ಅಡುಗೆ. ಕಾಯಿಹಾಲಿನ ಪಾಯಸ, ಶಾವಿಗೆಗೆ ಕಾಯಿಹಾಲು ಕರ್ನಾಟಕದ ಹಳೆಯ ರುಚಿಗಳೇ. ಮೊಸರಿಗೆ ಬೇಳೆ ಸೇರಬಾರದೆಂದು ದ್ವಿದಳ ನಿಯಮ ಪಾಲಿಸುವ ಮನೆಗೆ, ತಟ್ಟೆಯಲ್ಲಿ ಏನಿದೆ ಎಂದು ಕೇಳುವ ಅಭ್ಯಾಸ ಮೊದಲೇ ಇದೆ.

ಮೂರನೆಯದು ಬಸದಿ. ಕರ್ನಾಟಕದಲ್ಲಿ ಪಂಚಾಮೃತ ಅಭಿಷೇಕ ನಡೆದುಬಂದ ಪದ್ಧತಿ. ದಿಗಂಬರರಲ್ಲೇ ತೇರಾಪಂಥದವರು ಜಲಾಭಿಷೇಕವನ್ನಷ್ಟೇ ಮಾಡುತ್ತಾರೆ. ಯಾವುದು ಸರಿ ಎಂದು ಬಸದಿಯಲ್ಲಿ ಜಗಳ ಬೇಡ. ಹಾಲು ಬಿಟ್ಟವರು ತಮ್ಮ ಪಾಲಿಗೆ ನೀರು, ಗಂಧ ಅರ್ಪಿಸಬಹುದು. ಪೂಜೆಗೆ ಒಗೆದ ಹತ್ತಿ ಪಂಚೆ, ಹತ್ತಿ ಸೀರೆ ಸಾಕು. ಮುನಿಗಳ ಆಹಾರದಾನದಲ್ಲಿ ಅವರ ವ್ರತನಿಯಮಗಳೇ ಮುಖ್ಯ. ಶ್ರಾವಕರು ತಮ್ಮ ನಿಯಮವನ್ನು ಅಲ್ಲಿ ಹೇರಬಾರದು.

ಕೊನೆಯದು ಮನಸ್ತಾಪ. ಸೊಸೆ ಕಾಫಿಗೆ ಹಾಲು ಬೇಡವೆಂದರೆ ಅತ್ತೆಗೆ ತನ್ನ ಕೈರುಚಿ ಬೇಡವೆಂದಂತೆ ಕೇಳಿಸಬಹುದು. ಬಿಟ್ಟವರು ಬಿಡದವರನ್ನು ಹೀನಾಯವಾಗಿ ನೋಡಿದರೆ ಆ ತ್ಯಾಗದಲ್ಲಿ ಮಾನಕಷಾಯ ಸೇರಿತು. ಅನೇಕಾಂತವನ್ನು ಊಟದ ಮನೆಯಲ್ಲೂ ಪಾಲಿಸಬೇಕು.

ಎಲ್ಲಿಂದ ಆರಂಭ?

ಅಷ್ಟಮಿ, ಚತುರ್ದಶಿಗಳಂದು ಹಾಲು ಬಿಡುವುದರಿಂದ ಆರಂಭಿಸಬಹುದು. ಮುಂದಿನ ಮದುವೆಗೆ ಒಂದು ರೇಷ್ಮೆ ಸೀರೆ ಕಡಿಮೆ ಕೊಳ್ಳಬಹುದು. ಪೂರ್ತಿ ಬಿಡಲಾಗದವರು ಬಿಟ್ಟುಹೋದ ಆ ಖರ್ಚನ್ನಾದರೂ ಲೆಕ್ಕಕ್ಕೆ ಬರೆಯಲಿ. ಮನೆಯ ಹಾಲಿನ ಬಿಲ್ಲಿನ ಒಂದು ಪಾಲನ್ನು ಪ್ರತಿ ತಿಂಗಳು ಗಂಡು ಕರು, ಮುದಿ ಹಸು ಸಾಕುವ ಹತ್ತಿರದ ಗೋಶಾಲೆಗೆ ಕೊಡಲಿ. ಮುಂದಿನ ಸಲ ಶ್ರವಣಬೆಳಗೊಳಕ್ಕೆ ಹೋಗುವಾಗ ಸೋಲೂರಿನ ಆಚೆ ಈಚೆ ಗಾಡಿ ನಿಲ್ಲಿಸಿ, ಹಸು ಕಟ್ಟಿದ ಒಂದು ಮನೆಯವರನ್ನು ಮಾತನಾಡಿಸಿ, ಗಂಡು ಕರುಗಳು ಏನಾಗುತ್ತವೆ ಎಂದು ಮಕ್ಕಳ ಮುಂದೆಯೇ ಕೇಳಲಿ. ಆ ರೈತನ ಕಷ್ಟವೂ, ಆ ಕರುವಿನ ಕಷ್ಟವೂ ಎರಡೂ ಮಕ್ಕಳಿಗೆ ತಿಳಿಯಲಿ. ಮುಂದಿನ ನಿರ್ಧಾರ ಆಯಾ ಕುಟುಂಬದ್ದು.