ಮಿದುಳಿನ ಒಳಮನೆ

ಬೆಳಗಿನ ಜಾವ ಕೃಷ್ಣರಾಜ ಮಾರುಕಟ್ಟೆಯಲ್ಲಿ ನಿಂತವರಿಗೆ ಸೇವಂತಿಗೆಯ ರಾಶಿ ಕಣ್ಣು ತುಂಬುತ್ತದೆ. ವ್ಯಾಪಾರದ ಕೂಗು ಕಿವಿಗೆ ಬೀಳುತ್ತದೆ. ಹಮಾಲಿಯ ಬುಟ್ಟಿ ಭುಜಕ್ಕೆ ತಾಗುತ್ತದೆ. ಈ ಮೂರು ಸುದ್ದಿಗಳೂ ಮಿದುಳಿನ ಹೊರಪದರವನ್ನು ಸೇರುವ ಮುನ್ನ ಒಂದು ಒಳಮನೆಯನ್ನು ಹಾಯಬೇಕು. ಅದೇ ಥಲಾಮಸ್. ಗ್ರೀಕ್ ಭಾಷೆಯಲ್ಲಿ ಆ ಪದಕ್ಕೆ ಒಳಕೋಣೆಯೆಂದೇ ಅರ್ಥ.

ಮಿದುಳಿನ ನಡುವೆ, ಎಡಕ್ಕೊಂದು ಬಲಕ್ಕೊಂದು, ಸುಮಾರು 3 ಸೆಂಟಿಮೀಟರ್ ಉದ್ದದ ಮೊಟ್ಟೆಯಾಕಾರದ ಗಂಟುಗಳಿವು. ಒಳಗೆ ನೋಟಕ್ಕೆ, ಶ್ರವಣಕ್ಕೆ, ಸ್ಪರ್ಶಕ್ಕೆ ಬೇರೆ ಬೇರೆ ನರಕೋಶಗಳ ಗುಂಪುಗಳು. ಇದನ್ನು ಅಂಚೆಕಚೇರಿಗೆ ಹೋಲಿಸುವುದುಂಟು. ನನಗೆ ಆ ಹೋಲಿಕೆ ಸಾಲದು. ಹೊರಪದರದಿಂದ ಇಲ್ಲಿಗೆ ಮರಳುವ ನರತಂತುಗಳು ಇಲ್ಲಿಂದ ಹೊರಡುವವಕ್ಕಿಂತ ಹೆಚ್ಚು. ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಎಂಬ ಅಪ್ಪಣೆ ಮೇಲಿನಿಂದಲೂ ಬರುತ್ತದೆ. ಆ ಗದ್ದಲದಲ್ಲಿ ಪರಿಚಿತ ಹೂವಾಡಗಿತ್ತಿಯ ದನಿಯನ್ನು ಹೆಕ್ಕಿಕೊಳ್ಳುವುದರಲ್ಲಿ ಇದರ ಪಾಲೂ ಉಂಟು.

ಬಲದ ಥಲಾಮಸಿನಲ್ಲಿ ರಕ್ತ ಸೋರಿದರೆ ಮೈಯ ಎಡಭಾಗ ಮರಗಟ್ಟಬಹುದು. ಕೆಲವರಿಗೆ, ತಿಂಗಳುಗಳ ತರುವಾಯ, ಉಟ್ಟ ಬಟ್ಟೆಯ ಸೋಂಕೂ ಉರಿಯಾಗುತ್ತದೆ. 1906ರಲ್ಲಿ ಪ್ಯಾರಿಸ್ಸಿನ ದೆಜರೀನ್ ಮತ್ತು ರೂಸಿ ಇದನ್ನು ವಿವರಿಸಿದರು. ಚರ್ಮದ ಮೇಲೆ ಗಾಯವಿಲ್ಲದ್ದರಿಂದ ಮನೆಯವರು ಹಲವೊಮ್ಮೆ ನಂಬುವುದಿಲ್ಲ. ಆದರೆ ನೋವು ನಿಜ.

ಮಾರುಕಟ್ಟೆಯ ಮಾತಿನಲ್ಲಿ ಮಲ್ಲಿಗೆಯ ಕಂಪನ್ನು ಬೇಕೆಂದೇ ಬಿಟ್ಟಿದ್ದೆ. ಅದೊಂದು ಈ ಬಾಗಿಲಲ್ಲಿ ಕಾಯುವುದಿಲ್ಲ. ಮೂಗಿನಿಂದ ಹೊರಟ ಸುದ್ದಿ ಮೊದಲು ಗಂಧವನ್ನು ಗುರುತಿಸುವ ಹೊರಪದರಕ್ಕೂ ಭಾವಗಳಿಗೆ ಸಂಬಂಧಿಸಿದ ಅಮಿಗ್ಡಲಕ್ಕೂ ಹೋಗುತ್ತದೆ. ಥಲಾಮಸನ್ನು ತಲುಪುವುದು ಆಮೇಲೆ.