ಹೊಟ್ಟ್ಯಾಗಿನ ಕೂಸಿಗೂ ಒಂದು ಪಾಲು!

ಕವಿತಾಳ: ಹತ್ತಿ ಬಿಡಿಸುವ ಹೊಲದಲ್ಲಿ ಮಾತು ಬಹಳ, ಗುಟ್ಟು ಕಡಿಮೆ. ಯಾರ ಮನೆಯಲ್ಲಿ ಜಗಳ, ಯಾರ ಗಂಡ ಗುಳೆ ಹೋದ, ಯಾರ ಸೊಸೆಗೆ ದಿನ ತುಂಬಿವೆ ಎಂಬುದೆಲ್ಲ ಊಟದ ಹೊತ್ತಿಗೆ ಸಾಲಿನಿಂದ ಸಾಲಿಗೆ ದಾಟಿರುತ್ತದೆ. ಆದರೆ ಒಂದು ಗುಟ್ಟನ್ನು ಮಾತ್ರ ಒಬ್ಬ ಹೆಣ್ಣುಮಗಳು ಹದಿನೈದು ದಿನ ಉಡಿಯಲ್ಲಿ ಕಟ್ಟಿಕೊಂಡು ತಿರುಗಿದಳು. ಪಕ್ಕದ ಸಾಲಿನಲ್ಲಿ ಬಗ್ಗಿ ಹತ್ತಿ ಬಿಡಿಸುತ್ತಿದ್ದ ಗೆಳತಿಯ ಬಾಯಿಂದ ಮುಂಜಾನೆಯೇ ಸೆರೆಯ ವಾಸನೆ ಬಂದಿತ್ತು. ಆ ಗೆಳತಿ ಐದು ತಿಂಗಳ ಬಸುರಿ.

ಇಬ್ಬರೂ ಒಂದೇ ಓಣಿಯಲ್ಲಿ ಕುಂಟಾಬಿಲ್ಲೆ ಆಡಿ ಬೆಳೆದವರು. ಇಬ್ಬರನ್ನೂ ಊರೊಳಗೇ ಕೊಟ್ಟಿದ್ದಾರೆ. ಹೆಸರು ಇಲ್ಲಿ ಬೇಡ. ಹೆಸರು ಬಂದರೆ ಓಣಿಗೆ ಬೇಕಾಗುವುದು ಹೆಸರೇ ಹೊರತು ವಿಷಯವಲ್ಲ.

ಹದಿನಾರನೆಯ ದಿನ ಬಾವಿಕಟ್ಟೆಯ ಬಳಿ ಕೇಳಿಯೇಬಿಟ್ಟಳು.

"ಖರೇ ಹೇಳಬೇ, ಕುಡಿಯಾಕತ್ತೀಯೇನು?"

"ಯಾರ್ ಹೇಳಿದ್ರು?"

"ನನ್ ಮೂಗ ಹೇಳ್ತು."

ಬಸುರಿ ಮೊದಲು ಸಿಟ್ಟಾದಳು, ಆಮೇಲೆ ಅತ್ತಳು. ಹೇಳಿದ್ದು ಇಷ್ಟು. ದಿನವೆಲ್ಲ ಬಗ್ಗಿ ದುಡಿದರೆ ರಾತ್ರಿ ಸೊಂಟ ಹಿಡಿಯುತ್ತದೆ, ನಿದ್ದೆ ಬರುವುದಿಲ್ಲ. ಗಂಡ ಸಂಜೆಗೆ ತರುವ ಪಾಕೀಟಿನಲ್ಲಿ ಅರ್ಧ ಕೊಡುತ್ತಾನೆ. ಅತ್ತೆಯೂ ಬೇಡವೆನ್ನಲಿಲ್ಲ. "ಮೈ ನೋವಿಗೆ ಒಂದ್ ಗುಟುಕು ತಗೊಂಡ್ರ ಏನಾಗ್ತದ, ನಾನೂ ಆರು ಹಡೆದೀನಿ" ಎಂದಳಂತೆ. ಆರು ಹಡೆದದ್ದು ನಿಜ. ಆರರಲ್ಲಿ ಉಳಿದವರು ಮೂವರು ಎಂಬುದನ್ನು ಅತ್ತೆ ಹೇಳಲಿಲ್ಲ, ಸೊಸೆ ಕೇಳಲಿಲ್ಲ.

ಗಿಡದ ನೀರಿನಾಗ ಏನೈತಿ?

ಇದು ಒಂದು ಮನೆಯ ಕತೆ ಎಂದು ಓದುಗರು ಪುಟ ತಿರುಗಿಸುವುದು ಬೇಡ. ಲೆಕ್ಕ ನೋಡಿದರೆ ನಮ್ಮ ದೇಶದಲ್ಲಿ ಕುಡಿಯುವ ಹೆಂಗಸರು ಕಡಿಮೆಯೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕುಡಿಯುತ್ತೇವೆ ಎಂದು ಹೇಳಿದವರು ಗಂಡಸರಲ್ಲಿ ನೂರಕ್ಕೆ ಸುಮಾರು 19, ಹೆಂಗಸರಲ್ಲಿ ನೂರಕ್ಕೆ ಒಬ್ಬರು. ಆದರೆ ಮನೆ ಬಾಗಿಲಿಗೆ ಬಂದು ಕೇಳಿದ ಅಪರಿಚಿತರ ಮುಂದೆ, ಅತ್ತೆ ಪಕ್ಕದಲ್ಲೇ ಕುಳಿತಿರುವಾಗ, ಯಾವ ಬಸುರಿ "ಹೌದು, ಕುಡೀತೀನಿ" ಎಂದಾಳು?

ರಾಯಚೂರು ಜಿಲ್ಲೆಗೆ ಇದರ ಮೇಲೆ ಇನ್ನೊಂದು ಶನಿ ಇದೆ. ಅದು ಸಿ.ಎಚ್. ಪೌಡರ್ ಬೆರೆಸಿದ ಸೇಂದಿ. ಅಬಕಾರಿಯವರು ಹಿಡಿಯುತ್ತಲೇ ಇದ್ದಾರೆ, ಅದು ಬರುತ್ತಲೇ ಇದೆ. ಈಚಲ ಮರದ ಹೆಸರಿದ್ದರೂ ಎಷ್ಟೋ ಕೊಡಗಳಿಗೆ ಮರದ ಗುರುತೇ ಇರುವುದಿಲ್ಲ. ಸಿ.ಎಚ್. ಎಂದರೆ ಕ್ಲೋರಲ್ ಹೈಡ್ರೇಟ್. ಹಿಂದಿನ ಕಾಲದಲ್ಲಿ ವೈದ್ಯರು ನಿದ್ದೆಗೆಂದು ಅಳತೆ ಮಾಡಿ ಕೊಡುತ್ತಿದ್ದ ಔಷಧ. ಸೇಂದಿಯ ಕೊಡಕ್ಕೆ ಬೀಳುವಾಗ ಅದಕ್ಕೆ ಅಳತೆಯೂ ಇಲ್ಲ, ವೈದ್ಯನೂ ಇಲ್ಲ. "ಗಿಡದ ನೀರು, ಅದರಾಗ ಏನೈತಿ" ಎಂದು ಬಸುರಿಗೂ ಲೋಟ ನೀಡುವವರು ಇದನ್ನು ತಿಳಿಯಬೇಕು. ಪೌಡರ್ ಇಲ್ಲದ ಸೇಂದಿಯಲ್ಲೂ ಅಮಲಿನ ಅಂಶ ಇದ್ದೇ ಇದೆ. ಸೇಂದಿ, ಬೀರು, ವಿಸ್ಕಿ, ಬ್ರಾಂದಿ ಯಾವುದೇ ಇರಲಿ, ಕೂಸಿಗೆ ಮುಟ್ಟುವ ವಿಷ ಒಂದೇ.

ಆ ವಿಷ ಮುಟ್ಟುವ ಬಗೆ ಸರಳ. ತಾಯಿ ಕುಡಿದದ್ದು ಅವಳ ರಕ್ತಕ್ಕೆ, ರಕ್ತದಿಂದ ಮಾಸಿನ ಮೂಲಕ ಕೂಸಿಗೆ. ತಾಯಿಯ ಯಕೃತ್ತು ಅದನ್ನು ಹೇಗೋ ಕರಗಿಸೀತು. ಕೂಸಿನ ಯಕೃತ್ತು ಇನ್ನೂ ಬಲಿಯದ್ದು, ಅದಕ್ಕೆ ಆ ಕೆಲಸ ಬರುವುದಿಲ್ಲ. ತಾಯಿಯ ಅಮಲು ಇಳಿದರೂ ಕೂಸಿನ ಸುತ್ತಲಿನ ನೀರಿನಲ್ಲಿ ಅದು ಉಳಿದಿರುತ್ತದೆ.

ಪರಿಣಾಮ? ಗರ್ಭ ಇಳಿದುಹೋಗಬಹುದು. ದಿನ ತುಂಬುವ ಮೊದಲೇ ಹೆರಿಗೆಯಾಗಬಹುದು. ಹುಟ್ಟಿದ ಕೂಸು ತೂಕದಲ್ಲಿ ಕಡಿಮೆ, ತಲೆ ಸಣ್ಣದು, ಮೇಲ್ದುಟಿ ತೆಳು, ಮೂಗಿನ ಕೆಳಗಿನ ಗೆರೆ ಅಳಿಸಿದಂತೆ ಇರಬಹುದು. ಎಷ್ಟೋ ಮಕ್ಕಳಿಗೆ ಮುಖದಲ್ಲಿ ಏನೂ ಕಾಣುವುದಿಲ್ಲ. ಕಾಣುವುದು ಸಾಲಿಗೆ ಹೋದ ಮೇಲೆ. ಹೇಳಿದ್ದು ನೆನಪಿರುವುದಿಲ್ಲ, ಲೆಕ್ಕ ತಲೆಗೆ ಹತ್ತುವುದಿಲ್ಲ, ಒಂದು ಕಡೆ ಕೂಡಲಾಗುವುದಿಲ್ಲ. ಮಾಸ್ತರರು 'ದಡ್ಡ' ಎನ್ನುತ್ತಾರೆ, ಅಪ್ಪ 'ಮೊಂಡ' ಎನ್ನುತ್ತಾನೆ. ಮಿದುಳಿಗೆ ಆದ ಈ ಹಾನಿಯನ್ನು ಅಳಿಸುವ ಔಷಧ ಇಲ್ಲ.

ಇದನ್ನು ಜಗತ್ತು ಕಂಡುಕೊಂಡದ್ದು ತಡವಾಗಿ. 1968ರಲ್ಲಿ ಫ್ರಾನ್ಸಿನ ಲೆಮ್ವಾನ್ ಎಂಬ ವೈದ್ಯರು ಕುಡಿಯುವ ತಂದೆತಾಯಿಯರ 127 ಮಕ್ಕಳ ಬಗ್ಗೆ ಬರೆದರು, ಬಹಳ ಜನ ಗಮನಿಸಲಿಲ್ಲ. 1973ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಜೋನ್ಸ್ ಮತ್ತು ಸ್ಮಿತ್ ಇಂಥ ಮಕ್ಕಳ ಲಕ್ಷಣಗಳನ್ನು ಒಟ್ಟು ಸೇರಿಸಿ ಈ ರೋಗಕ್ಕೆ ಹೆಸರಿಟ್ಟರು. ಇಷ್ಟು ಕುಡಿದರೆ ಅಡ್ಡಿಯಿಲ್ಲ ಎಂಬ ಅಳತೆ ಬಸುರಿಗೆ ಇಂದಿಗೂ ಸಿಕ್ಕಿಲ್ಲ. ಹಾಗಾಗಿ ಒಂದು ಗುಟುಕೂ ಬೇಡ ಎಂಬುದೇ ವೈದ್ಯರ ಮಾತು.

ಗಾಡಿ ಇಲ್ಲದವಳಿಗೆ ಗಾಡಿಯ ಎಚ್ಚರಿಕೆ

ಅಮೆರಿಕದಲ್ಲಿ 1989ರಿಂದ ಪ್ರತಿ ಬಾಟಲಿಯ ಮೇಲೂ ಬಸುರಿ ಹೆಂಗಸರು ಕುಡಿಯಬಾರದು, ಕೂಸಿಗೆ ಊನವಾದೀತು ಎಂದು ಅಚ್ಚು ಹಾಕುತ್ತಾರೆ. ನಮ್ಮಲ್ಲಿ 2019ರಿಂದ ಕಡ್ಡಾಯವಾದ ಎಚ್ಚರಿಕೆ ಏನು? ಮದ್ಯಪಾನ ಆರೋಗ್ಯಕ್ಕೆ ಹಾನಿಕರ, ಕುಡಿದು ವಾಹನ ಓಡಿಸಬೇಡಿ ಎಂದು. ಸೈಕಲ್ ಕೂಡ ಇಲ್ಲದ ಕೂಲಿ ಹೆಣ್ಣುಮಗಳಿಗೆ ಇದರಿಂದ ಏನು ಉಪಯೋಗ? ಅವಳು ಒಯ್ಯುತ್ತಿರುವ ಸವಾರಿ ಹೊಟ್ಟೆಯೊಳಗಿದೆ.

ರಾಜ್ಯದಲ್ಲಿ ಸಾರಾಯಿ ನಿಂತದ್ದು 2007ರ ಜುಲೈ 1ರಂದು. ಹೆಣ್ಣುಮಕ್ಕಳು ನಿಟ್ಟುಸಿರು ಬಿಟ್ಟರು. ಆದರೆ ಸಾರಾಯಿ ಪಾಕೀಟಿನ ಜಾಗಕ್ಕೆ ಅಗ್ಗದ ವಿಸ್ಕಿಯ ಪಾಕೀಟು ಬಂತು. ಹಳ್ಳಿಗಳಲ್ಲಿ ಅದು ಕಿರಾಣಿ ಅಂಗಡಿ, ಚಹದ ಹೋಟೆಲಿನ ಹಿಂಬಾಗಿಲಿಗೂ ತಲುಪಿತೆಂಬ ದೂರು ಹಳೆಯದು. ಇದೇ ಸಂಕಟಕ್ಕೆ 2019ರ ಜನವರಿ 19ರಂದು ರಾಯಚೂರು ಸೇರಿದಂತೆ ಹಲವು ಜಿಲ್ಲೆಗಳ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ನಡೆಯುತ್ತ ಹೊರಟು, ಗಾಂಧೀಜಿ ಹುತಾತ್ಮರಾದ ದಿನ, ಜನವರಿ 30ರಂದು ಬೆಂಗಳೂರು ಮುಟ್ಟಿದರು. ಪೂರ್ಣ ಪಾನನಿಷೇಧ ಬೇಕೆಂದರು. ಅದು ಬರಲಿಲ್ಲ.

ಬೈದರೆ ಬಿಡುವುದಿಲ್ಲ

ಇತ್ತ ಗೆಳತಿಗೆ ದಿಕ್ಕು ತೋಚಲಿಲ್ಲ. ಗಂಡನಿಗೆ ಹೇಳಿದರೆ ಹೊಡೆತ ಬೀಳುವುದು ಬಸುರಿಗೆ. ಓಣಿಗೆ ಗೊತ್ತಾದರೆ ಮರ್ಯಾದೆ ಹೋಗುವುದೂ ಅವಳದೇ. ಸುಮ್ಮನಿದ್ದರೆ ಕೂಸಿನ ಗತಿ? ಕೊನೆಗೆ ಆಶಾ ಕಾರ್ಯಕರ್ತೆಯ ಮನೆಗೆ ಕತ್ತಲಾದ ಮೇಲೆ ಹೋದಳು. ತನ್ನ ಸಂಬಂಧಿ ಎಂದು ಸುಳ್ಳು ಹೇಳಿ ಕೇಳಿದಳು. ಆಶಾ ಅಕ್ಕ ಅನುಭವಸ್ಥೆ, ಯಾರೆಂದು ಕೆದಕಲಿಲ್ಲ.

"ಬೈಬ್ಯಾಡವ್ವ. ಬೈದ್ರ ಕುಡಿಯೋದು ಬಿಡಂಗಿಲ್ಲ, ಹೇಳೋದು ಬಿಡ್ತಾಳ. ಈಗ ಬಿಟ್ರೂ ಲಾಭ ಐತಿ ಅಂತ ಹೇಳು. ನೀನೇ ಕರ್ಕೊಂಡು ಬಾ."

ಇನ್ನೊಂದು ಮಾತನ್ನೂ ಆಕೆ ಒತ್ತಿ ಹೇಳಿದಳು. ದಿನವೂ ಹೆಚ್ಚು ಕುಡಿಯುವ ಚಟದವಳಾದರೆ ತಟ್ಟನೆ ಬಿಡಿಸಬಾರದು. ಕೈ ನಡುಗುತ್ತದೆ, ಬೆವರುತ್ತದೆ, ಫಿಟ್ಸ್ ಬರಬಹುದು. ಅದು ತಾಯಿಗೂ ಕೂಸಿಗೂ ಅಪಾಯ. ಪೌಡರ್ ಸೇಂದಿಯ ಚಟಕ್ಕೂ ಇದೇ ಮಾತು. ಅಂಥವರನ್ನು ಡಾಕ್ಟರ ಕೈಗೆ ಒಪ್ಪಿಸಿಯೇ ಬಿಡಿಸಬೇಕು. ಊರಿನ ದವಾಖಾನೆಯಲ್ಲಿ ಆಗದಿದ್ದರೆ ರಾಯಚೂರಿನ ರಿಮ್ಸ್ ಇದೆ. ಫೋನಿನಲ್ಲೇ ಕೇಳುವುದಾದರೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಇದೆ, ನಂಬರು 14416, ಹಣ ಬೇಕಿಲ್ಲ, ಹೆಸರು ಹೇಳಲೇಬೇಕೆಂದಿಲ್ಲ.

ಆ ವಾರವೇ ಇಬ್ಬರೂ ತಾಯಿ ಕಾರ್ಡು ಹಿಡಿದು ತಪಾಸಣೆಗೆ ಹೋದರು. ಹಿಂದೆ ಎರಡು ಸಲ ತೂಕ, ರಕ್ತ, ಬಿ.ಪಿ. ಎಲ್ಲ ನೋಡಿಸಿಕೊಂಡು ಬಂದಿದ್ದವಳೇ. ಕುಡಿಯುತ್ತೀಯಾ ಎಂದು ಯಾರೂ ಕೇಳಿರಲಿಲ್ಲ, ಕೇಳಿದ್ದರೂ ಹೌದೆನ್ನುತ್ತಿರಲಿಲ್ಲ. ಈ ಸಲ ನರ್ಸಮ್ಮ ಎಲ್ಲರನ್ನೂ ಹೊರಗೆ ಕಳಿಸಿ ಕೇಳಿದರು. ಬಸುರಿ ತಲೆ ತಗ್ಗಿಸಿ ಹೌದೆಂದಳು. ಡಾಕ್ಟರು ಗದರಲಿಲ್ಲ. ಎಷ್ಟು, ಎಂದಿನಿಂದ ಎಂದು ಕೇಳಿ ತಿಳಿದುಕೊಂಡರು. ಸೊಂಟ ನೋವಿಗೆ ಬೇರೆ ಉಪಾಯ ಹೇಳಿದರು, ಎಡಮಗ್ಗುಲಿಗೆ ಮಲಗಲು ಹೇಳಿದರು. ಬಾಣಂತನದಲ್ಲಿ ಥಂಡಿಗೆಂದು ಬ್ರಾಂದಿ ಕುಡಿಸುವ ರೂಢಿ ಇದ್ದರೆ ಅದೂ ಬೇಡ, ಅದು ಹಾಲಿಗಿಳಿಯುತ್ತದೆ ಎಂದರು. ಗಂಡನನ್ನೂ ಒಮ್ಮೆ ಕರೆತರಲು ಹೇಳಿದರು. ಅವನು ಇನ್ನೂ ಬಂದಿಲ್ಲ.

ಪಾಕೀಟು ಈಗಲೂ ಸಂಜೆ ಆ ಮನೆಗೆ ಬರುತ್ತದೆ. ಅದೇ ಹೊತ್ತಿಗೆ ಗೆಳತಿಯೂ ಬರುತ್ತಾಳೆ. ಎರಡು ಬಿಸಿ ರೊಟ್ಟಿ, ಪುಂಡಿಪಲ್ಯ ಸೆರಗಿನಲ್ಲಿ ಮುಚ್ಚಿಕೊಂಡು ಬಂದು ಕಟ್ಟೆಯ ಮೇಲೆ ಕೂಡುತ್ತಾಳೆ. ಸೊಂಟ ತಿಕ್ಕುತ್ತಾಳೆ. ಗಂಡ ಕುಡಿದು ಮಲಗುವತನಕ ಏಳುವುದಿಲ್ಲ.

"ದಿನಾ ಯಾಕ ಬರ್ತಿ, ನಿನಗ ಮನಿ ಇಲ್ಲೇನು?" ಎಂದು ಅತ್ತೆ ಒಮ್ಮೆ ಕೇಳಿದಳು.

"ಕುಬಸಕ್ಕ ಸೀರಿ ಯಾವ ಬಣ್ಣದ್ದು ತರಬೇಕು ಅಂತ ಕೇಳಾಕ ಬಂದೀನಿ" ಎಂದಳು ಈಕೆ.

ಇಪ್ಪತ್ತಾರು ದಿನವಾಯಿತು. ಸೀರೆಯ ಬಣ್ಣ ಇನ್ನೂ ತೀರ್ಮಾನವಾಗಿಲ್ಲ.