ಬಾಯಿ ತೆರೆಸುವ ಕಡ್ಡಿಗಳು

ದಂತ ಕಾಲೇಜಿನ ಆಸ್ಪತ್ರೆಗೆ ಯಾವ ತೊಂದರೆ ಹೊತ್ತು ಹೋದರೂ ಮೊದಲು ಕೂರಿಸುವುದು ಓರಲ್ ಮೆಡಿಸಿನ್ ವಿಭಾಗದ ಕುರ್ಚಿಯಲ್ಲಿ. ಚೀಟಿ ಬರೆದು, ಎಕ್ಸರೇ ತೆಗೆದು, ಮುಂದಿನ ಕೋಣೆಗೆ ಕಳಿಸುವುದಷ್ಟೇ ಇಲ್ಲಿಯ ಕೆಲಸವೆಂದು ಹೆಚ್ಚಿನವರು ತಿಳಿದಿದ್ದಾರೆ. ನಾನು ಹೋದದ್ದು ಇಲ್ಲಿ ಐಸ್‌ಕ್ರೀಮ್ ಕಡ್ಡಿಗಳಿಂದ ಮಾಡಿಸುವ ಚಿಕಿತ್ಸೆ ನೋಡಲು.

ಕುರ್ಚಿಯಲ್ಲಿ ಆಟೊ ಓಡಿಸುವ ಹುಡುಗನೊಬ್ಬನಿದ್ದ. "ಖಾರ ತಿಂದ್ರೆ ಬಾಯೆಲ್ಲಾ ಉರಿಯುತ್ತೆ ಮೇಡಂ." ವೈದ್ಯೆ ಕನ್ನಡಿ ಹಿಡಿಯುವ ಮೊದಲೇ, "ಒಂದು ಸೀಟಿ ಹೊಡಿ ನೋಡೋಣ" ಎಂದರು. ಬಂದದ್ದು ಬರೀ ಉಸಿರು. ಅವನದೇ ಮೂರು ಬೆರಳು ಸಲೀಸಾಗಿ ಹೋಗಬೇಕಾದ ಬಾಯಲ್ಲಿ ಎರಡೂ ತುರುಕಲಾಗಲಿಲ್ಲ. ಆಮೇಲೆ ಅವರು ಕೆನ್ನೆಯನ್ನು ಒಳಗೊಂದು, ಹೊರಗೊಂದು ಬೆರಳಿಟ್ಟು ನಿಧಾನವಾಗಿ ಉಜ್ಜಿ ನೋಡಿದರು. ತಿಳಿಗೆಂಪಗೆ ಮೆತ್ತಗಿರಬೇಕಾದ ಒಳಚರ್ಮ ಬಿಳಿಚಿಕೊಂಡಿತ್ತು. ಅದರಡಿಯಲ್ಲಿ ಮೇಲಿಂದ ಕೆಳಕ್ಕೆ ಹುರಿಹಗ್ಗದಂಥ ನಾರುಪಟ್ಟಿ. ಸಬ್‌ಮ್ಯೂಕಸ್ ಫೈಬ್ರೋಸಿಸ್.

"ನಾನು ತಂಬಾಕು ಮುಟ್ಟಲ್ಲ, ಬರೀ ಪಾನ್ ಮಸಾಲಾ" ಎಂದ ಹುಡುಗ. ಈ ರೋಗದ ಮೂಲ ತಂಬಾಕಲ್ಲ, ಪಾನ್ ಮಸಾಲಾದಲ್ಲೂ ಇರುವ ಅಡಿಕೆ. ಅದರೊಳಗಿನ ಅರೆಕೋಲಿನ್ ನಾರು ಹೆಣೆಯುವ ಜೀವಕೋಶಗಳನ್ನು ಕೆರಳಿಸುತ್ತದೆ, ತಾಮ್ರದ ಅಂಶ ಆ ನಾರನ್ನು ಇನ್ನಷ್ಟು ಬಿಗಿಯಾಗಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ, ತಂಬಾಕು ಸೇರದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಅಡಿಕೆಯನ್ನೇ ನಂಬಿದ ಮಲೆನಾಡಿನಲ್ಲಿ ಈ ಮಾತು ಆಡುವುದು ಕಷ್ಟ. ಆದರೂ ಆಡಲೇಬೇಕು.

ಚಟ ಬಿಡಿಸುವುದು ಮೊದಲ ಮದ್ದು. ನಾರುಗಟ್ಟಿದ ಜಾಗಕ್ಕೆ ಸ್ಟಿರಾಯ್ಡ್, ಹಯಲುರೊನಿಡೇಸ್ ಚುಚ್ಚುಮದ್ದು ಕೊಡುವುದುಂಟು. ತೀರಾ ಬಿಗಿದರೆ ಶಸ್ತ್ರಚಿಕಿತ್ಸೆ. ಜೊತೆಗೆ ಕಡ್ಡಿಗಳು. ಹಲ್ಲುಗಳ ನಡುವೆ ಹಿಡಿಸುವಷ್ಟು ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಕಚ್ಚಿಕೊಂಡು ಕೂರಬೇಕು, ಕೆಲವು ದಿನಕ್ಕೊಮ್ಮೆ ಮತ್ತೊಂದನ್ನು ನಡುವೆ ತೂರಿಸಬೇಕು. ವೈದ್ಯೆ ತಮ್ಮ ಬಾಯಲ್ಲೇ ಇಟ್ಟು ತೋರಿಸಿದರು. ಮಿಲಿಮೀಟರ್ ಲೆಕ್ಕದಲ್ಲಿ ಬಾಯಿ ತೆರೆಸುವ ಈ ತಾಳ್ಮೆಯನ್ನು ಯಾವ ಬಿಲ್ಲಿನಲ್ಲಿ ಬರೆಯುವುದು?

1952ರಲ್ಲಿ ಶ್ವಾರ್ಟ್ಜ್ ಎಂಬ ವೈದ್ಯರು ಕೀನ್ಯಾದಲ್ಲಿದ್ದ 5 ಮಂದಿ ಭಾರತೀಯ ಮಹಿಳೆಯರಲ್ಲಿ ಈ ರೋಗವನ್ನು ಗುರುತಿಸಿದ್ದರು. ಎರ್ಣಾಕುಲಂ ಜಿಲ್ಲೆಯಲ್ಲಿ ಇಂಥ 66 ರೋಗಿಗಳನ್ನು 17 ವರ್ಷ ಗಮನಿಸಿದಾಗ 5 ಮಂದಿಗೆ ಬಾಯಿ ಕ್ಯಾನ್ಸರ್ ಬಂದಿತ್ತೆಂದು 1985ರಲ್ಲಿ ವರದಿಯಾಯಿತು. ಅದಕ್ಕೇ ಅನುಮಾನ ಬಂದ ಕಡೆ ಚೂರು ಚರ್ಮ ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಬಾಯಿಯ ಬೇರೆ ರೋಗಗಳೂ ಅಷ್ಟೇ: ಲೈಕೆನ್ ಪ್ಲಾನಸ್ ಇರಲಿ, ಚರ್ಮಕ್ಕಿಂತ ಮೊದಲು ಬಾಯಲ್ಲೇ ಗುಳ್ಳೆಯೊಡೆಯುವ ಪೆಂಫಿಗಸ್ ಇರಲಿ, ಹಿಡಿಯಬೇಕಾದ್ದು ಇದೇ ಕುರ್ಚಿಯಲ್ಲಿ.

ಬಿ.ಡಿ.ಎಸ್. ಮುಗಿಸಿ ಮತ್ತೆ 3 ವರ್ಷ ಓರಲ್ ಮೆಡಿಸಿನ್ ಓದಿದವರೂ ಸ್ವಂತ ಕ್ಲಿನಿಕ್ ಹಾಕಿದರೆ ರೂಟ್ ಕೆನಾಲ್ ಮಾಡಿಯೇ ಬದುಕಬೇಕು ಎಂದರು ವೈದ್ಯೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿನವಾದರೂ ಇಂಥವರು ಕೂರುವಂತಾಗಬೇಕು. ದೂರದ ಊರಿನವರು ಎರಡನೇ ಸಲ ಬರುವುದೇ ಅಪರೂಪ. ವಿದ್ಯಾರ್ಥಿಗಳು ಫೋನ್ ಮಾಡಿ ಕರೆಯುತ್ತಾರೆ. "ಉರಿ ಕಮ್ಮಿಯಾಗಿದೆ, ಇನ್ಯಾಕೆ ಬರೋದು?" ಎಂಬುದೇ ಹೆಚ್ಚಿನವರ ಉತ್ತರ. ಉರಿ ಇಳಿದರೂ ನಾರು ಅಲ್ಲೇ ಇರುತ್ತದೆ.